ಜೋಡಿ ಗಂಟು

ಮರವನ್ನೇ ಹಪ್ಪಳಕ್ಕಿಂತ ತೆಳ್ಳಗೆ ಸೀಳಿದ ಹಾಳೆಗೆ ವೆನೀರ್ ಎನ್ನುತ್ತಾರೆ. ಬಡಗಿ ಕಾಳಮ್ಮ ಸಂಗನಗೌಡರ ಹೊಸ ಮನೆಯ ಕಪಾಟಿಗೆ ಅಂಟಿಸಿದ್ದು ತೇಗದ ವೆನೀರನ್ನೇ. ಗೃಹಪ್ರವೇಶಕ್ಕೆ ಬಂದ ನೆಂಟರೆದುರು ಗೌಡರು ಅವಳನ್ನು ಕರೆದು ಕಪಾಟಿನ ಬಾಗಿಲು ತಟ್ಟಿದರು.

"ಇದು ಮರವಲ್ಲ, ಮರದ ಚಿತ್ರ ಒತ್ತಿದ ಕಾಗದ. ಮರ ಅನ್ನೋದಾದರೆ ಈಗಲೇ ತೋರಿಸು. ಒಂದು ಗೀರೂ ಬೀಳಬಾರದು. ಆಗಲಿಲ್ಲವೋ, ಈ ಊರಲ್ಲಿ ನೀನು ಮತ್ತೆ ಉಳಿ ಹಿಡಿಯೋ ಹಾಗಿಲ್ಲ."

ಕಾಳಮ್ಮ ತಲೆ ತಗ್ಗಿಸಲಿಲ್ಲ.

"ಅಚ್ಚು ಒತ್ತಿದ ಕಾಗದದಲ್ಲಿ ಅದೇ ಗಂಟು ಮತ್ತೆ ಮತ್ತೆ ಬರುತ್ತೆ ಗೌಡ್ರೇ. ಮರದಲ್ಲಿ ಒಂದರ ಹಾಗೆ ಇನ್ನೊಂದು ಇರಲ್ಲ. ತದ್ರೂಪು ಎರಡು ಗಂಟು ಹುಡುಕಿ. ಸಿಕ್ಕರೆ ನಾನೇ ಉಳಿ ಕೆಳಗಿಡ್ತೀನಿ."

ಗೌಡರು ಕನ್ನಡಕ ಏರಿಸಿದರು. ಬಗ್ಗಿದರು, ಮೊಣಕಾಲೂರಿದರು, ಬೆವತರು. ಜೋಡಿ ಸಿಗಲಿಲ್ಲ.

"ಹುಡುಕೋದು ನನಗೂ ಬರುತ್ತೇನಮ್ಮಾ?" ಎಂದು ಗೌಡರ ಬೀಗರು ಕೇಳಿದರು.

"ಮೊದಲು ಆ ಊಟದ ಮೇಜಿನ ಮೇಲೆ ಕಣ್ಣು ಪಳಗಿಸಿಕೊಳ್ಳಿ ಯಜಮಾನ್ರೇ."

ಅದು ವಿದೇಶದ ಬೀಟೆಮರವೆಂದು ಗೌಡರು ಮೆರೆಸುತ್ತಿದ್ದ ಮೇಜು. ಬೀಗರು ಬೆರಳಾಡಿಸಿದರು.

"ಸಿಕ್ಕಿತಲ್ಲ ಬೀಗರೇ. ಒಂದಲ್ಲ, ಆರು ಜೋಡಿ" ಎಂದು ಗೌಡರತ್ತ ತಿರುಗಿದರು.

ಗೌಡರು ನಿಧಾನವಾಗಿ ಎದ್ದು ಹೆಂಡತಿಯನ್ನು ಕರೆದರು. "ಮೇಜಿಗೆ ಬಟ್ಟೆ ಹಾಸೇ."

"ಅಂಚಿನ ತನಕ ಹಾಸಿ ಅಕ್ಕಾ" ಎಂದಳು ಕಾಳಮ್ಮ, ಉಳಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ.