ಮುಂಗೈ ಮೇಲಿನ ತುಪ್ಪ

"ಗುರುಗಳೇ, ಮಕ್ಕಳಿಗೆ ಹೊಡೆಯಬೇಕೋ, ಬೇಡವೋ?" ಎಂದು ಶಿಷ್ಯ ನೀಲಪ್ಪ ಕೇಳಿದ. "ನನ್ನ ಮಗ ಸುಳ್ಳು ಕಲಿತಿದ್ದಾನೆ. ಹೊಡೆದೆ. ಸುಳ್ಳು ಹೆಚ್ಚಾಯಿತು. ದಂಡಂ ದಶಗುಣಂ ಎನ್ನುತ್ತಾರಲ್ಲ, ಇನ್ನೂ ಜೋರಾಗಿ ಹೊಡೆಯಬೇಕಿತ್ತೇನೋ."

ಗುರುಗಳು ನಕ್ಕರು. "ಕೂತುಕೋ. ಮೊದಲು ತುಪ್ಪದ ಮಾತಾಡೋಣ" ಎಂದರು.

ಒಂದು ಪೇಟೆಯಲ್ಲಿ ಒಬ್ಬ ತುಪ್ಪದ ವ್ಯಾಪಾರಿಯಿದ್ದ. ತುಪ್ಪ ಕೊಳ್ಳುವವರು ಮೊದಲು ಒಂದು ತೊಟ್ಟನ್ನು ಮುಂಗೈಗೆ ಉಜ್ಜಿ ಮೂಸಿ ನೋಡುವುದು ವಾಡಿಕೆ. ಆದರೆ ವರ್ಷಗಟ್ಟಲೆ ತುಪ್ಪದ ನಡುವೆಯೇ ಕೂತು ಅವನ ಮೂಗು ಮೊಂಡಾಗಿತ್ತು. ವ್ಯಾಪಾರಿಯ ಪಾಡೇ ಅಷ್ಟು, ತನ್ನ ಸರಕಿನ ವಾಸನೆ ತನಗೇ ತಿಳಿಯದು. ಹಾಗಾಗಿ ಅವನು ತನ್ನ ಪುಟ್ಟ ಮಗಳ ಮುಂಗೈಗೆ ಉಜ್ಜುತ್ತಿದ್ದ. ಅವಳು ಕಣ್ಣು ಮುಚ್ಚಿ ಮೂಸುತ್ತಿದ್ದಳು. "ಘಮ" ಎಂದರೆ ಕೊಳ್ಳುತ್ತಿದ್ದ, "ಕಮಟು" ಎಂದರೆ ಬಿಡುತ್ತಿದ್ದ. "ನನ್ನ ಮೂಗು ನನ್ನ ತೊಡೆಯ ಮೇಲೆ ಕೂತಿದೆ ನೋಡಿ" ಎಂದು ಬಂದವರೆದುರು ಹಿಗ್ಗುತ್ತಿದ್ದ.

ಒಂದು ದಿನ ಊರಿನ ದೊಡ್ಡ ಗಿರಾಕಿಯೊಬ್ಬ ಮದುವೆಗೆಂದು ತುಪ್ಪ ಕೇಳಿಕೊಂಡು ಬಂದ. ವ್ಯಾಪಾರಿ ಬಹಳ ದಿನದಿಂದ ಮೂಲೆಯಲ್ಲಿದ್ದ ಕೊಡವನ್ನು ಮುಂದೆ ಎಳೆದಿಟ್ಟ. ಮಗಳು ಯಾರೂ ಕೇಳದೆಯೇ ಬಗ್ಗಿ ಮೂಸಿ, "ಅಪ್ಪಾ, ಇದು ಕಮಟು" ಎಂದಳು. ಗಿರಾಕಿ ಎದ್ದು ಹೋದ.

"ದೊಡ್ಡವರ ನಡುವೆ ಬಾಯಿ ಹಾಕ್ತೀಯಾ?" ಎಂದು ವ್ಯಾಪಾರಿ ಮಗಳಿಗೆ ಬಾರಿಸಿದ. ಪೆಟ್ಟು ಬಿದ್ದದ್ದು ತುಪ್ಪ ಉಜ್ಜುತ್ತಿದ್ದ ಆ ಮುಂಗೈಗೇ. ಅವಳು ಅಳಲಿಲ್ಲ. ಕೈಯನ್ನು ಲಂಗದಲ್ಲಿ ಮುಚ್ಚಿಕೊಂಡಳು.

ಕೆಲವು ದಿನಗಳ ಮೇಲೆ ಪರವೂರಿನವನೊಬ್ಬ ಗಾಡಿ ತುಂಬ ತುಪ್ಪ ತಂದ. ಬೆಲೆ ಅಗ್ಗ. ವ್ಯಾಪಾರಿಗೆ ಆಸೆಯಾಯಿತು. ಮಗಳ ಮುಂಗೈಗೆ ಉಜ್ಜಿ, "ಏನು ಪುಟ್ಟೀ, ಘಮ ಅಲ್ವಾ?" ಎಂದ. ಈ ಸಲ ಅವಳು ಕಣ್ಣು ಮುಚ್ಚಲಿಲ್ಲ. ಮೂಸಿದಳು. ಅಪ್ಪನ ಮುಖ ನೋಡಿದಳು. "ಘಮ" ಎಂದಳು.

ಆ ತುಪ್ಪ ಮನೆಮನೆಗೆ ಹೋಯಿತು, ಮನೆಮನೆಯಿಂದ ವಾಪಸು ಬಂತು. "ಸಾಹುಕಾರರ ಮೂಗಿಗೆ ನೆಗಡಿ" ಎಂದು ಪೇಟೆಯೆಲ್ಲ ನಕ್ಕಿತು. ಅಂಗಡಿಯ ಹೆಸರು ಕೆಟ್ಟಿತು.

ಅವನು ಮಗಳನ್ನು ಕರೆದ. "ನಿನಗೆ ವಾಸನೆ ತಿಳೀಲಿಲ್ವಾ?"

"ತಿಳೀತು."

"ಮತ್ತೆ ಘಮ ಅಂದೆ?"

"ನಿನಗೆ ಘಮ ಬೇಕಿತ್ತಲ್ಲಪ್ಪ."

ಹೇಳುತ್ತಲೇ ಅವಳ ಕೈ ಬೆನ್ನ ಹಿಂದೆ ಹೋಯಿತು.

ವ್ಯಾಪಾರಿ ಅದೇ ತುಪ್ಪವನ್ನು ತನ್ನ ಮುಂಗೈಗೆ ಉಜ್ಜಿಕೊಂಡು ಅವಳ ಮುಂದೆ ಚಾಚಿದ. ತನ್ನ ಮುಖವನ್ನು ಹೆಗಲ ವಸ್ತ್ರದಿಂದ ಮುಚ್ಚಿಕೊಂಡ. "ಈಗ ಹೇಳು, ಕಂದಾ" ಎಂದ.

ಅವಳು ಹತ್ತಿರ ಬಂದಳು. ವಸ್ತ್ರದ ಕಡೆ ನೋಡಿದಳು, ಅಲ್ಲಿ ಓದುವುದಕ್ಕೆ ಏನೂ ಇರಲಿಲ್ಲ. "ಕಮಟು" ಎಂದು ಮೆಲ್ಲಗೆ ಹೇಳಿದಳು. ವ್ಯಾಪಾರಿ ವಸ್ತ್ರ ತೆಗೆಯದೆಯೇ ತಡಕಿ ಅವಳ ತಲೆ ಸವರಿದ. ಆ ತುಪ್ಪವನ್ನೆಲ್ಲ ದೀಪಕ್ಕೆಂದು ಬಂದ ಬೆಲೆಗೆ ಮಾರಿದ.

ಅಂಗಡಿಯ ಹೆಸರು ಮರಳಲು ಬಹಳ ಕಾಲ ಹಿಡಿಯಿತು. ಮಗಳು ಮತ್ತೆ ಕಣ್ಣು ಮುಚ್ಚಿ ಮೂಸಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಕತೆ ಮುಗಿದರೂ ನೀಲಪ್ಪ ಬಿಡಲಿಲ್ಲ. "ನನ್ನ ಮಗ ತುಪ್ಪ ಮೂಸುವವನಲ್ಲ, ಗುರುಗಳೇ. ಅವನ ಸುಳ್ಳಿಗೆ ಏನು ಮಾಡಲಿ?"

ಗುರುಗಳು ಕೇಳಿದರು: "ಸುಳ್ಳು ಹೇಳುವ ಮುಂಚೆ ಅವನು ಎಲ್ಲಿ ನೋಡುತ್ತಾನೆ, ನೀಲಪ್ಪಾ?"