ಮುತ್ತುಗದ ತುದಿಯ ಪಾಳಿ

ಕುರುಚಲು ಕಾಡಿನಲ್ಲಿ ಒಂದು ಮುತ್ತುಗದ ಮರ. ಅದರ ಸುತ್ತ ಏಳು ಹರಟೆಮಲ್ಲ ಹಕ್ಕಿಗಳಿದ್ದವು. ನೀವು ನೋಡಿರುತ್ತೀರಿ ಮಕ್ಕಳೇ: ಬೂದು ಮೈ, ಹಳದಿ ಕೊಕ್ಕು, ಬೆಳಗಿನಿಂದ ಸಂಜೆಯವರೆಗೆ ಬಾಯಿಗೆ ಬಿಡುವಿಲ್ಲ. ಆದರೂ ಅವುಗಳ ಒಂದು ಪದ್ಧತಿಯನ್ನು ಮೆಚ್ಚಲೇಬೇಕು. ಆರು ಹಕ್ಕಿಗಳು ನೆಲದಲ್ಲಿ ತರಗೆಲೆ ಕೆದಕಿ ಹುಳ ತಿನ್ನುವಾಗ, ಒಂದು ಹಕ್ಕಿ ಮರದ ತುದಿಯಲ್ಲಿ ಕೂತು ಗಿಡುಗ ಬಂದೀತೆಂದು ಕಾವಲು ಕಾಯುತ್ತಿತ್ತು. ಕಾಯುವಷ್ಟು ಹೊತ್ತು ಅದಕ್ಕೆ ಊಟವಿಲ್ಲ. ಆಮೇಲೆ ಇನ್ನೊಂದರ ಪಾಳಿ. ಯಾರ ಮರಿಗಳಾದರೂ ಸರಿ, ಏಳೂ ಹಕ್ಕಿಗಳು ಸೇರಿ ತುತ್ತು ತರುತ್ತಿದ್ದವು.

ಆ ಗುಂಪಿನಲ್ಲಿ ಕೆದರ ಎಂಬವನಿದ್ದ. ಎಲ್ಲರಿಗಿಂತ ದಪ್ಪಗಾಗಬೇಕು, ಗುಂಪಿಗೇ ಯಜಮಾನನಾಗಬೇಕು ಎಂಬುದು ಅವನ ಆಸೆ. ಒಂದು ಬೆಳಿಗ್ಗೆ ತನ್ನ ಪಾಳಿ ಬಂದದ್ದೇ ತಡ, ಕುಂಟತೊಡಗಿದ.

"ಬೂದಜ್ಜಿ, ಕಾಲು ಉಳುಕಿದೆ. ಕೊಂಬೆ ಹಿಡಿದು ಕೂರೋಕಾಗಲ್ಲ."

ಹಿರಿಯಳಾದ ಬೂದಜ್ಜಿ ಅವನನ್ನು ತುತ್ತಿಟ್ಟು ಬೆಳೆಸಿದವಳು. "ಅಯ್ಯೋ ಮಗಾ, ನೀನು ತಿನ್ನು. ನಾನು ಹೋಗ್ತೀನಿ" ಎಂದು ಮೇಲಕ್ಕೆ ಹಾರಿದಳು.

ಹದಿನೈದು ದಿನವಾದರೂ ಆ ಕಾಲು ವಾಸಿಯಾಗಲಿಲ್ಲ. ಹುಳ ಕಂಡಾಗ ಮಾತ್ರ ಕುಂಟು ಮಾಯ! ಕೆದರ ತಿಂದು ತಿಂದು ಉಬ್ಬಿದ. ತಂಗಿ ತುಂಬೆ ಗೂಡಿನಲ್ಲಿದ್ದ ತನ್ನೆರಡು ಮರಿಗಳಿಗೆಂದು ಹಿಡಿದ ಹುಳವನ್ನೂ ಕಸಿದುಕೊಂಡ. ಎಲ್ಲರೂ ಅವನಿಗೆ ಹೆದರಿ ದಾರಿ ಬಿಡತೊಡಗಿದರು.

ಇದನ್ನು ನೋಡಿ ಉಳಿದವರ ತಲೆಯೂ ಕೆಟ್ಟಿತು.

"ಅವನಿಗಿಲ್ಲದ ಕಾವಲು ನಮಗ್ಯಾಕೆ?" ಎಂದ ಒಬ್ಬ.

"ನನಗೂ ಕಾಲು ನೋವಪ್ಪ" ಎಂದಳು ಇನ್ನೊಬ್ಬಳು.

ಇನ್ನೊಂದು ವಾರದೊಳಗೆ ಗುಂಪಿಗೆ ಗುಂಪೇ ಕುಂಟಿತು. ಏಳು ಪಾಳಿಯೂ ಬೂದಜ್ಜಿಯ ತಲೆಗೆ ಬಿತ್ತು.

"ಕೆದರ, ಹಸಿವಿಗೆ ಕಣ್ಣು ಕತ್ತಲೆ ಬರ್ತಿದೆ ಕಣೋ. ಇವತ್ತೊಂದಿನ ನೀನು ಕೂತ್ಕೋ."

"ನಾಳೆ ನೋಡೋಣಜ್ಜಿ" ಎಂದ ಕೆದರ, ಬಾಯಲ್ಲಿ ಹುಳ ಇಟ್ಟುಕೊಂಡೇ.

ಅಂದು ಮಧ್ಯಾಹ್ನ ಅಜ್ಜಿ ತುದಿಯಿಂದ ಕೆಳಗೆ ಬಿದ್ದಳು. ಮತ್ತೆ ಏಳಲಿಲ್ಲ. ಮುಂದಿನದನ್ನು ಹೇಳಲು ನನಗೇ ಸಂಕಟವಾಗುತ್ತದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ತಲೆ ತಗ್ಗಿಸಿ ಎಲೆ ಕೆದಕಿದರು. ಅಜ್ಜಿಯ ಜಾಗಕ್ಕೆ ಯಾರೂ ಹಾರಲಿಲ್ಲ.

ಮರುದಿನ ಗಿಡುಗ ಬಂತು. ಎಚ್ಚರಿಸುವವರೇ ಇಲ್ಲ. ದಿನಕ್ಕೊಂದು ಹಕ್ಕಿಯಂತೆ ಒಯ್ಯತೊಡಗಿತು. ಕೆದರ ಮಾತ್ರ ಪ್ರತಿ ಸಲವೂ ಎಲ್ಲರನ್ನೂ ತಳ್ಳಿ, ಮೊದಲು ಮುಳ್ಳಿನ ಪೊದೆಗೆ ನುಗ್ಗಿ ಉಳಿದುಕೊಂಡ. ಐದನೆಯ ದಿನ ಗಿಡುಗ ಒಯ್ದದ್ದು ತುಂಬೆಯನ್ನು.

ಗೂಡಿನಲ್ಲಿ ಮರಿಗಳು ಬಾಯಿ ತೆರೆದು ಕೂಗಿದವು. ಕೆದರನ ಎದೆ ಒಡೆಯಿತು. ಹುಳ ಹಿಡಿದು ಓಡೋಡಿ ಬಂದ, ಮತ್ತೆ ಹೋದ, ಮತ್ತೆ ಬಂದ. ಏಳು ಕೊಕ್ಕುಗಳು ಮಾಡುತ್ತಿದ್ದ ಕೆಲಸ ಒಂದು ಕೊಕ್ಕಿನಿಂದ ಆಗುತ್ತದೆಯೇ? ಅಲ್ಲಿಂದ ಮೂರನೆಯ ದಿನ ಗೂಡಿನಿಂದ ಸದ್ದು ಬರಲಿಲ್ಲ.

ಅಂದು ಯಾರೂ ಹೇಳದೆಯೇ ಕೆದರ ಮುತ್ತುಗದ ತುದಿಗೆ ಹಾರಿ ಕೂತ. ಈಗ ಅವನೇ ಎಲ್ಲರಿಗಿಂತ ದಪ್ಪ, ಅವನೇ ಯಜಮಾನ. ಸ್ವಲ್ಪ ಹೊತ್ತಿಗೆ ದೂರದಲ್ಲಿ ಗಿಡುಗ ಕಂಡಿತು.

"ಬಂತು! ಬಂತು! ಅಡಗಿಕೊಳ್ಳಿ!" ಎಂದು ಗಂಟಲು ಹರಿಯುವಂತೆ ಕೂಗಿದ.

ಕೆಳಗೆ ಬರೀ ತರಗೆಲೆ. ಅಡಗಿಕೊಳ್ಳಲು ಯಾರೂ ಇರಲಿಲ್ಲ.

ನೀತಿ: ತನ್ನವರನ್ನು ಸೋಲಿಸಿ ಬಲಿತವನು, ತನ್ನವರಿಲ್ಲದ ದಿನ ಬದುಕಲಾರ.