ಸಾಹೇಬರ ಕುರ್ಚಿ, ಕೋಟಿನ ಸುಖ

ನಮ್ಮ ಜವಾನ ಮರಿಯಪ್ಪನ ಬಾಯಿ ಕಟ್ಟುವವನು ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ, ಬಿಡಿ! ತಾಲೂಕು ಕಚೇರಿಯ ಸಾಹೇಬರು ಬೆನ್ನುನೋವೆಂದು ಹೇಳಿ ಸರ್ಕಾರದ ಖರ್ಚಿನಲ್ಲಿ ದುಬಾರಿ ಕುರ್ಚಿ ತರಿಸಿದ್ದರು. ಬೆಳಿಗ್ಗೆ ಅದಕ್ಕೆ ಕೋಟು ತೊಡಿಸಿ ಹೊರಟರೆ, ಸಂಜೆ ಕೋಟು ಒಯ್ಯಲು ಬರುವರು.

ಒಂದು ಬೆಳಿಗ್ಗೆ ಕೋಟು ನೇತುಹಾಕುತ್ತಾ, ನೆರೆದ ಜನರೆದುರು ಗತ್ತಿನಿಂದ ಕೇಳಿದರು: "ಏನೋ ಮರಿಯಪ್ಪ, ಕೊಟ್ಟ ಬೆಲೆಗೆ ತಕ್ಕ ಸುಖ ಇದೆಯೇನೋ ಈ ಕುರ್ಚೀಲಿ?"

ಇದೆ ಎಂದರೆ "ನೀನ್ಯಾವಾಗ ಕೂತೆ?" ಅಂತ ವರ್ಗ. ಇಲ್ಲ ಎಂದರೂ ವರ್ಗ.

ಮರಿಯಪ್ಪ ಕೈಮುಗಿದ. "ನನ್ನನ್ಯಾಕೆ ಕೇಳ್ತೀರಿ ಸ್ವಾಮಿ? ದಿನವಿಡೀ ಕೂರೋ ನಿಮ್ಮ ಕೋಟನ್ನೇ ಕೇಳಿ. ಒಂದಿನಾನೂ ಬೆನ್ನುನೋವು ಅಂದಿಲ್ಲ."

ಜನ ಗೊಳ್ಳೆಂದರು. ಸಾಹೇಬರು ಕೆಂಪಾಗಿ, ಕೋಟು ತೊಟ್ಟು ಕೂತೇಬಿಟ್ಟರು. ಜನರ ಕಣ್ಣಿಗೆ ಹೆದರಿ ಸಂಜೆವರೆಗೂ ಏಳಲಿಲ್ಲ.

ಕೊನೆಗೆ ಸೊಂಟ ಹಿಡಿದು ಎದ್ದು, "ಭಾರೀ ಕಷ್ಟ ಕಣೋ!" ಎಂದರು.

"ಅಭ್ಯಾಸ ಆಗುತ್ತೆ ಸ್ವಾಮಿ. ಕೋಟಿಗೆ ಆಗಲಿಲ್ವೇ?"